ಬೀಟೆ ಗಿಟಾರಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಪ್ರಶ್ನೆ: ನನ್ನ ಬಳಿ ಯಮಹಾ ಎಫ್310 ಗಿಟಾರ್ ಇದೆ. ಹಾಡಿಕೊಂಡು ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುವಷ್ಟು ಕಲಿತಿದ್ದೇನೆ, ಈಗ ಒಳ್ಳೆಯದೊಂದು ಕೊಳ್ಳಬೇಕು. ಕೈಯಲ್ಲಿ 25 ಸಾವಿರ ಇದೆ, ಎಳೆದಾಡಿದರೆ 30. ಅಂಗಡಿಯವರು ಯಮಹಾದ್ದೇ ಎಫ್‌ಜಿ800 ಬೇಡ, ಎಫ್‌ಜಿ830 ತಗೊಳ್ಳಿ, ಅದು ರೋಸ್‌ವುಡ್, ಅಂದರೆ ಬೀಟೆ ಮರ, ದನಿಯೇ ಬೇರೆ ಎನ್ನುತ್ತಾರೆ. ನಿಜವಾ? – ಓದುಗರು, ಸಾಗರ

ಉತ್ತರ: 800 ತಗೊಳ್ಳಿ. ಉಳಿದ ದುಡ್ಡಲ್ಲಿ ಒಳ್ಳೆಯ ಕೆಲಸಗಾರರ ಹತ್ತಿರ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ನುಡಿಸಲು ಹಿತವಾಗುವಂತೆ ಸರಿಮಾಡಿಸಿ.

ತಂತಿ ಮೀಟಿದಾಗ ಬ್ರಿಡ್ಜ್ (ಮೈ ಮೇಲೆ ತಂತಿ ಕೂರುವ ಮರದ ಪಟ್ಟಿ) ಅದುರುತ್ತದೆ, ಅದು ಮೇಲಿನ ಹಲಗೆಯನ್ನು ಅದುರಿಸುತ್ತದೆ, ನಾವು ಕೇಳುವ ದನಿಯಲ್ಲಿ ಹೆಚ್ಚಿನ ಪಾಲು ಆ ಹಲಗೆಯದ್ದೇ. ನಿಮ್ಮ 310ರಲ್ಲಿ ಅದು ಪದರ ಅಂಟಿಸಿದ ಪ್ಲೈ. 800ರಲ್ಲಿ ಸಿಟ್ಕಾ ಸ್ಪ್ರೂಸ್ ಮರದ ಇಡೀ ಹಲಗೆ, ಅಂದರೆ ಸಾಲಿಡ್ ಟಾಪ್. ದನಿ ಜೋರಾಗುತ್ತದೆ, ಮೆಲ್ಲಗೆ ನುಡಿಸಿದರೂ ಸ್ವರ ತುಂಬಿ ಬರುತ್ತದೆ, ವರ್ಷಗಳು ಕಳೆದಂತೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ನೀವು ದುಡ್ಡು ಕೊಡಬೇಕಾದ್ದು ಇದಕ್ಕೆ. ಅಂಗಡಿಯಲ್ಲಿ ನೀವೇ ಪರೀಕ್ಷೆ ಮಾಡಬಹುದು: ನಡುವಿನ ರಂಧ್ರದ ಅಂಚು ನೋಡಿ, ಮೇಲಿನ ಗೆರೆಗಳು ಹಲಗೆಯ ದಪ್ಪದಲ್ಲೂ ಹಾಗೇ ಇಳಿದಿದ್ದರೆ ಸಾಲಿಡ್, ಪದರ ಪದರ ಕಂಡರೆ ಪ್ಲೈ.

800, 820, 830 ಮೂರಕ್ಕೂ ಮೇಲಿನ ಹಲಗೆ ಒಂದೇ. ಬೇರೆಯಾಗುವುದು ಬೆನ್ನು ಮತ್ತು ಪಕ್ಕ: 800ಕ್ಕೆ ನಾಟೋ ಅಥವಾ ಒಕುಮೆ ಮರ, 820ಕ್ಕೆ ಮಹಾಗನಿ, 830ಕ್ಕೆ ರೋಸ್‌ವುಡ್. ಆದರೆ ಈ ಮೂರರಲ್ಲೂ ಆ ಭಾಗ ಪ್ಲೈ! ಹೊರಗೆ ಕಾಣುವುದು ರೋಸ್‌ವುಡ್‌ನ ತೆಳು ಪದರ ಅಷ್ಟೇ. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವುದಿಲ್ಲ, 830ರ ಕೆಳದನಿ ಸ್ವಲ್ಪ ತುಂಬಿಕೊಂಡಿರುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಜಾಸ್ತಿ ಕೊಡಬೇಕು ಅಂತ ನನಗೆ ಅನಿಸುವುದಿಲ್ಲ.

ಮರದ ವ್ಯತ್ಯಾಸ ನಿಜವಾಗಿ ಕೇಳಬೇಕಾ? ಹೆಡ್‌ಫೋನ್ ಹಾಕಿಕೊಂಡು ಮಾರ್ಟಿನ್ ಕಂಪನಿಯ ಡಿ-18, ಡಿ-28 ಗಿಟಾರ್ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಕಾರ ಒಂದೇ, ಮೇಲಿನ ಸ್ಪ್ರೂಸ್ ಒಂದೇ, ಬೆನ್ನು-ಪಕ್ಕವೂ ಇಡೀ ಮರ. ಮಹಾಗನಿಯ 18ರಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ, ಬೇಗ ಆರುತ್ತದೆ, ಹಾಡುವವರ ದನಿಗೆ ಜಾಗ ಬಿಡುತ್ತದೆ. ರೋಸ್‌ವುಡ್‌ನ 28ರಲ್ಲಿ ಕೆಳದನಿ ಆಳ, ಮೇಲೆ ಝೇಂಕಾರ ತುಂಬಾ ಹೊತ್ತು ನಿಲ್ಲುತ್ತದೆ. ನಿಮ್ಮ ಥರ ಹಾಡುತ್ತಾ ನುಡಿಸುವವರಿಗೆ ಮಹಾಗನಿಯೇ ಚೆನ್ನ ಎಂಬುದು ನನ್ನ ಅಭಿಪ್ರಾಯ. ಅವೆಲ್ಲ ಲಕ್ಷಗಳ ಮಾತು, ಇರಲಿ. ಅಂದ ಹಾಗೆ, 1969ರವರೆಗೆ ಡಿ-28ಕ್ಕೆ ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿದ್ದರು, ಆಮೇಲೆ ಬಂದದ್ದು ಇಂಡಿಯನ್ ರೋಸ್‌ವುಡ್, ಅಂದರೆ ನಿಮ್ಮ ಮಲೆನಾಡಿನಲ್ಲೂ ಕೊಡಗಿನಲ್ಲೂ ಬೆಳೆಯುವ ಬೀಟೆ. ಇದು ನನಗೆ ಬಹಳ ಹೆಮ್ಮೆಯ ವಿಷಯ.

ನಿಮ್ಮ ಬಜೆಟ್ಟಿನಲ್ಲೇ ಫೆಂಡರ್ ಸಿಡಿ-60ಎಸ್ ಕೂಡ ನೋಡಿ. ಅದೂ ಸಾಲಿಡ್ ಟಾಪ್, ಬೆನ್ನಿಗೆ ಮಹಾಗನಿ ಪ್ಲೈ. ಫಿಂಗರ್‌ಬೋರ್ಡಿನ (ಬೆರಳಿಂದ ತಂತಿ ಒತ್ತುವ ಪಟ್ಟಿಯ) ಅಂಚು ಉರುಟಾಗಿರುವುದರಿಂದ ಎಡಗೈಗೆ ಹಿತ. ದನಿಯಲ್ಲಿ ನನಗೆ ಯಮಹಾ ಒಂದು ಕೈ ಮೇಲು.

ಸಾಗರದವರು ಅಂದಿರಿ, ಅದಕ್ಕೇ ಒಂದು ಎಚ್ಚರಿಕೆ. ಸಾಲಿಡ್ ಟಾಪಿಗೆ ಗಾಳಿಯ ತೇವ 45–55 ಶೇಕಡಾ ಇದ್ದರೆ ಒಳ್ಳೆಯದು, ನಿಮ್ಮ ಮಳೆಗಾಲದಲ್ಲಿ ಅದು ಎಲ್ಲಿ ಸಾಧ್ಯ? ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತಲು ಕಷ್ಟ. ಗೋಡೆಗೆ ನೇತುಹಾಕದೆ ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸೆಟಪ್ ಮಾಡಿಸುವಾಗ 12ನೇ ಫ್ರೆಟ್ (ಆ ಪಟ್ಟಿಯ ಮೇಲಿನ ಅಡ್ಡ ಲೋಹದ ಗೆರೆ) ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.5 ಮಿಲಿಮೀಟರ್ ಇರಲಿ ಎಂದು ಹೇಳಿ.

ಪ್ರಶ್ನೆ: ಮಗಳಿಗೆ 11 ವರ್ಷ, ಬೆರಳು ಚಿಕ್ಕದು. ಎಫ್‌ಜಿ800 ಕೊಡಿಸಬಹುದಾ? – ಓದುಗರು, ಹಾಸನ

ಉತ್ತರ: ಈಗಲೇ ಬೇಡ. ಅದರ ಮೈ ದೊಡ್ಡದು, ತೋಳು ಸುತ್ತಿ ಹಿಡಿಯಲು ಆಗುವುದಿಲ್ಲ. ಸ್ಟೀಲ್ ತಂತಿಯೇ ಬೇಕೆಂದು ಹಟ ಹಿಡಿದರೆ ಯಮಹಾದ್ದೇ ಎಫ್‌ಎಸ್800 ಕೊಡಿಸಿ, ಮೈ ಚಿಕ್ಕದು, ತಂತಿಯ ಉದ್ದವೂ ಕಡಿಮೆ, 634 ಮಿಲಿಮೀಟರ್ ಅಷ್ಟೇ. ಇಲ್ಲವಾದರೆ ನೈಲಾನ್ ತಂತಿಯ ಯಮಹಾ ಸಿಎಸ್40 ನೋಡಿ, ಬೆರಳು ನೋಯುವುದು ಕಡಿಮೆ. ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಮಡಿಲಲ್ಲಿಟ್ಟು ನೋಡಿ.