ವಲಸಿಗರ ಮೇಲೆ ಗೂಬೆ ಕೂರಿಸುವ ಮುನ್ನ

ಅಮೆರಿಕದಲ್ಲಿ ಹದಿಹರೆಯದ ಬಸಿರಿಗೆ ವಲಸೆ, ಧರ್ಮ ಕಾರಣವೇ ಎಂದು ಕೇಳಿದ್ದೀರಿ. ಅಲ್ಲಿ 15ರಿಂದ 19 ವರ್ಷದ ಸಾವಿರ ಹುಡುಗಿಯರಲ್ಲಿ 1991ರಲ್ಲಿ ಸುಮಾರು 62 ಹೆರಿಗೆಗಳಾಗುತ್ತಿದ್ದವು. 2022ರಲ್ಲಿ 14ಕ್ಕಿಂತ ಕಡಿಮೆ. ಇದೇ ಅವಧಿಯಲ್ಲಿ ವಲಸಿಗರ ಸಂಖ್ಯೆ ಇಮ್ಮಡಿ ಮೀರಿತು. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಹುಡುಗಿಯರಲ್ಲಿ ದರ ಬಿಳಿಯರಿಗಿಂತ ಹೆಚ್ಚು, ನಿಜ. ಆದರೆ ಅವರಲ್ಲೂ ಅದು ಕಡಿದಾಗಿ ಇಳಿದಿದೆ.

ಧರ್ಮದ್ದು ಇನ್ನೂ ತೊಡಕಿನ ಮಾತು. ದೈವಭಕ್ತಿಗೆ ಹೆಸರಾದ ಮಿಸಿಸಿಪ್ಪಿ ರಾಜ್ಯದಲ್ಲಿ ದರ ದೇಶದಲ್ಲೇ ಮೇಲಿನ ಸಾಲಿನಲ್ಲಿದೆ. ಕಟ್ಟುನಿಟ್ಟಿನ ಕ್ರೈಸ್ತ ಪಂಥವಾದ ಮಾರ್ಮನ್ನರು ಹೆಚ್ಚಿರುವ ಯೂಟಾ ರಾಜ್ಯದಲ್ಲಿ ಸರಾಸರಿಗಿಂತ ಕಡಿಮೆ. ಬಡತನವನ್ನೂ ಮನೆಯ ಮೌನವನ್ನೂ ಬಿಟ್ಟು ಇದನ್ನು ಅಳೆಯಲಾಗದು. ಟೆಕ್ಸಾಸಿನಲ್ಲಿ ನಮ್ಮ ನೆರೆಯ ತಾಯಿಯೊಬ್ಬರು ಮಗಳ ಲೈಂಗಿಕ ಶಿಕ್ಷಣಕ್ಕೆ ಶಾಲೆ ಕಳಿಸಿದ ಒಪ್ಪಿಗೆ ಪತ್ರವನ್ನು ವಾರವಿಡೀ ಅಡುಗೆಮನೆಯ ಮೇಜಿನ ಮೇಲಿಟ್ಟು, ಕೊನೆಗೆ ಸಹಿ ಹಾಕದೆ ಮಡಚಿಟ್ಟರು. ಆ ಹುಡುಗಿ ಇನ್ನು ಯಾರನ್ನು ಕೇಳಬೇಕು?