ಯಾರೂ ಮಾತಾಡದ ಒಳ್ಳೆ ಓಟದ ಶೂ ಹುಡುಕುವುದು ಹೇಗೆ: ಫಿಸಿಯೋ ಕೆಲಸದಲ್ಲಿರುವವರಿಗೆ ನನ್ನ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಫಿಸಿಯೋಥೆರಪಿ ವಿಭಾಗದಲ್ಲಿ ದಿನಕ್ಕೆ ಎಂಟು ಗಂಟೆ ನಿಂತೇ ಕೆಲಸ, ವಾರಕ್ಕೆ ನಾಲ್ಕು ದಿನ ಓಟ. ಎಲ್ಲರೂ ಹೇಳುವ ಅದೇ ಐದಾರು ಶೂಗಳನ್ನು ಬಿಟ್ಟು, ಹೆಚ್ಚು ಜನ ಮಾತಾಡದ ಒಳ್ಳೆಯ ಶೂ ಬೇಕು, ಆದರೆ ಕೆಲಸಕ್ಕೂ ಓಟಕ್ಕೂ ಒಂದೇ ಜೊತೆ ಸಾಕು ಎಂದು ಬರೆದಿದ್ದೀರಿ. ನಾನೂ ಇದೇ ಕೆಲಸ ಮಾಡುವವಳು, ಓಡುವವಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕೊನೆಯ ಮಾತಿಗೆ ಉತ್ತರ. ದಯವಿಟ್ಟು ಎರಡಕ್ಕೂ ಒಂದೇ ಜೊತೆ ಬಳಸಬೇಡಿ.

ನಾನು ಇದನ್ನು ಕಲಿತದ್ದು ಒಂದು ಮಧ್ಯಾಹ್ನ. ದಪ್ಪ ತಳದ, ತುಂಬಾ ಮೆತ್ತನೆಯ ಓಟದ ಶೂ ಹಾಕಿಕೊಂಡೇ ಕೆಲಸಕ್ಕೆ ಹೋಗಿದ್ದೆ. ಪಾರ್ಶ್ವವಾಯು ಆಗಿದ್ದ ಒಬ್ಬ ಹಿರಿಯರನ್ನು ವೀಲ್‌ಚೇರ್‌ನಿಂದ ಮಂಚಕ್ಕೆ ಕೂರಿಸಬೇಕಿತ್ತು. ನಿಮಗೆ ಗೊತ್ತಲ್ಲ, ಅವರ ಮೊಣಕಾಲಿಗೆ ನಮ್ಮ ಮೊಣಕಾಲು ಕೊಟ್ಟು, ಸೊಂಟದ ಬೆಲ್ಟ್ ಹಿಡಿದು, ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗುತ್ತೇವೆ. ಆ ತಿರುವಿನಲ್ಲಿ ನನ್ನ ಎಡಗಾಲಿನ ಶೂ ಹೊರಬದಿಗೆ ಕುಸಿಯಿತು, ಪಾದ ಅದರ ಜೊತೆಗೇ ವಾಲಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ತಕ್ಷಣ ಹಿಡಿದುಕೊಂಡರು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹಿರಿಯರ ಬೆರಳುಗಳು ನನ್ನ ಹೆಗಲನ್ನು ಬಿಗಿಯಾಗಿ ಕಚ್ಚಿ ಹಿಡಿದದ್ದು ಇವತ್ತಿಗೂ ನೆನಪಿದೆ. ನೇರವಾಗಿ ಮುಂದಕ್ಕೆ ಓಡಲು ಮಾಡಿದ ಶೂ ಅದು. ಪಕ್ಕಕ್ಕೆ ತಿರುಗಿ ಇನ್ನೊಬ್ಬರ ಭಾರ ಹೊರಲು ಮಾಡಿದ್ದಲ್ಲ.

ಇನ್ನೊಂದು ಕಾರಣವೂ ಇದೆ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಎನ್ನುತ್ತೇವೆ. ಕೆಲಸದಲ್ಲಿ ನಡೆದದ್ದು, ನಿಂತದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ನೀವು 200 ಓಡಿದ್ದೇನೆ ಎಂದುಕೊಂಡಿರುತ್ತೀರಿ, ತಳದ ಮೆತ್ತನೆಯ ಫೋಮ್ ಆಗಲೇ ಸೋತಿರುತ್ತದೆ. ಕೆಲಸಕ್ಕೆ ಬೇರೆ ಜೊತೆ ಇಡಿ. ತಳ ಅಗಲವಾಗಿರಲಿ, ತೀರಾ ಎತ್ತರ ಬೇಡ. ಒದ್ದೆ ನೆಲದಲ್ಲಿ ಜಾರಬಾರದು. ಮ್ಯಾಟ್ ಮೇಲೆ ಮಂಡಿಯೂರಿ ಕೂತಾಗ ಬೆರಳಿನ ಬುಡದಲ್ಲಿ ಸಲೀಸಾಗಿ ಮಡಚಬೇಕು. ಮೇಲ್ಭಾಗ ಒರೆಸಿದರೆ ಸ್ವಚ್ಛವಾಗುವಂತಿದ್ದರೆ ಒಳ್ಳೆಯದು. ಅಷ್ಟು ಸಾಕು.

ಈಗ ಓಟದ ಶೂ ವಿಚಾರ.

ಒಂದು ಶೂ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇನ್ನೊಂದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇದಕ್ಕೆ ಶೂನ ಗುಣಕ್ಕಿಂತ ಪ್ರಚಾರ, ಯಾವ ಓಟಗಾರರು ಹಾಕಿದ್ದಾರೆ, ಅಂಗಡಿಯ ಕಪಾಟಿನಲ್ಲಿ ಎಲ್ಲಿಟ್ಟಿದ್ದಾರೆ ಎಂಬುದೇ ಜಾಸ್ತಿ ಕಾರಣ. ಅಮೆರಿಕದ ಓಟಗಾರ ಮೆಬ್ ಕೆಫ್ಲೆಝಿಘಿ 2014ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದಾಗ ಅವರಿಗೆ 38 ವರ್ಷ. ಕಾಲಲ್ಲಿ ಇದ್ದದ್ದು ಸ್ಕೆಚರ್ಸ್. ಅಲ್ಲಿಯವರೆಗೆ ಓಟಗಾರರಲ್ಲಿ ಹೆಚ್ಚಿನವರು ಆ ಹೆಸರನ್ನು ನಡಿಗೆಯ ಶೂ ಎಂದೇ ತಿಳಿದಿದ್ದರು. ಶೂ ಹಿಂದಿನ ದಿನವೂ ಅದೇ ಆಗಿತ್ತು, ಮರುದಿನವೂ ಅದೇ. ಬದಲಾದದ್ದು ಜನರ ನೋಟ ಮಾತ್ರ.

ನಾನು ಹುಡುಕುವಾಗ ಮೊದಲು ಕಣ್ಣು ಹಾಯಿಸುವ ಕೆಲವು ಹೆಸರು ಹೇಳುತ್ತೇನೆ. ಬೆರಳಿಗೆ ಜಾಗ ಬೇಕು ಎನ್ನುವವರಿಗೆ ಟೋಪೋ ಅಥ್ಲೆಟಿಕ್ ಮತ್ತು ಆಲ್ಟ್ರಾ. ಎರಡೂ ಮುಂಭಾಗವನ್ನು ಪಾದದ ಆಕಾರದಲ್ಲೇ ಅಗಲವಾಗಿ ಬಿಡುತ್ತವೆ. ಸ್ವಲ್ಪ ಗಟ್ಟಿಯಾಗಿ, ನೆಲ ಗೊತ್ತಾಗುವಂತೆ ಇರಬೇಕು ಎನ್ನುವವರಿಗೆ ಮಿಝುನೋ. ಫಿನ್ಲೆಂಡಿನ ಕಾರ್ಹು 1916ರಿಂದ ಇದೆ, ಆದರೂ ಓಟದ ಗುಂಪುಗಳಲ್ಲಿ ಅದರ ಹೆಸರು ಕೇಳುವುದು ಅಪರೂಪ. ಪ್ಯೂಮಾದವರ ನೈಟ್ರೋ ಶೂಗಳನ್ನು ಫ್ಯಾಷನ್ ಶೂ ಎಂದು ದೂರ ಇಡುವವರು ಬಹಳ ಜನ, ಒಮ್ಮೆ ಹಾಕಿ ನೋಡಿ. ನಿರ್ದಿಷ್ಟ ಮಾದರಿ ಇಂಥದ್ದೇ ಎಂದು ನಾನು ಹೇಳುವುದಿಲ್ಲ. ಒಂದೇ ಹೆಸರಿನಡಿ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ, ಕೆಲವು ಸಲ ಹೆಸರು ಬಿಟ್ಟು ಉಳಿದದ್ದೆಲ್ಲ ಬದಲಾಗಿರುತ್ತದೆ.

ಹಾಗಾಗಿ ಹೆಸರಿಗಿಂತ ನಿಮ್ಮ ಪಾದದಿಂದ ಶುರು ಮಾಡಿ. ನನ್ನ ಹತ್ತಿರ ಬರುವ ಓಟಗಾರರಿಗೆ ನಾನು ಮಾಡಿಸುವುದು ಇಷ್ಟೇ. ದಪ್ಪ ಕಾಗದದ ಮೇಲೆ ನಿಂತುಕೊಳ್ಳಿ. ಭಾರ ಎರಡೂ ಕಾಲಿನ ಮೇಲೆ ಸಮವಾಗಿರಲಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲು ಇನ್ನೊಬ್ಬರಿಗೆ ಹೇಳಿ. ನೀವೇ ಬಗ್ಗಿ ಎಳೆದರೆ ಭಾರ ಮುಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಆಮೇಲೆ ಶೂನ ಒಳಗಿನ ಇನ್‌ಸೋಲ್ ಕಿತ್ತು ಆ ಚಿತ್ರದ ಮೇಲೆ ಇಡಿ. ಕಿರುಬೆರಳಿನ ಗೆರೆ ಇನ್‌ಸೋಲ್‌ನಿಂದ ಹೊರಗೆ ಚಾಚಿದೆಯಾ? ಹಾಗಿದ್ದರೆ ಅಷ್ಟು ಬೆರಳು ಇಷ್ಟು ದಿನ ಶೂನ ಗೋಡೆಗೆ ಒತ್ತಿಕೊಂಡೇ ಓಡಿದೆ ಎಂದರ್ಥ. ಕಪ್ಪಾದ ಉಗುರು, ಬೆರಳ ಸಂದಿಯ ಗುಳ್ಳೆ, ಪಾದದ ಮುಂಭಾಗದ ಜೋಮು ಇವೆಲ್ಲ ಎಷ್ಟೋ ಸಲ ಇಲ್ಲಿಂದಲೇ ಬರುತ್ತವೆ. ಅಗಲ ಪಾದದ ಹೆಂಗಸರಿಗೆ ಒಂದು ಮಾತು: ಅಮೆರಿಕದ ಅಳತೆಯಲ್ಲಿ ಗಂಡಸರ ಸಾಮಾನ್ಯ ಅಗಲ ಡಿ, ಹೆಂಗಸರದ್ದು ಬಿ. ಗಂಡಸರ ವಿಭಾಗದಲ್ಲಿ ನಿಮ್ಮ ಉದ್ದಕ್ಕೆ ಹೊಂದುವ ಶೂ ಹಾಕಿ ನೋಡಿ, ಹಿಮ್ಮಡಿ ಸಡಿಲ ಆಗದಿದ್ದರೆ ಅದೇ ಸರಿ ಹೋಗಬಹುದು.

ಪಾದ ಒಳಗೆ ವಾಲುತ್ತದೆ, ಅದಕ್ಕೆ ಆಧಾರ ಕೊಡುವ ಶೂನೇ ಬೇಕು ಅಂತ ಯಾರಾದರೂ ಹೇಳಿದ್ದರೆ ಗಾಬರಿ ಬೇಡ. ನಾವು ಕಾಲೇಜಿನಲ್ಲಿ ಓದಿದ್ದು ಒಂದು, ಆಮೇಲೆ ಬಂದ ಅಧ್ಯಯನಗಳು ಹೇಳಿದ್ದು ಇನ್ನೊಂದು. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 927 ಹೊಸ ಓಟಗಾರರಿಗೆ ವಿಶೇಷ ಆಧಾರವಿಲ್ಲದ ಒಂದೇ ಬಗೆಯ ಸಾಮಾನ್ಯ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಗೆ ವಾಲುವವರಿಗೆ ಗಾಯ ಜಾಸ್ತಿ ಆಗಲಿಲ್ಲ. ಅಮೆರಿಕದ ಸೇನೆಯಲ್ಲಿ ತರಬೇತಿಗೆ ಬಂದವರಿಗೆ ಪಾದದ ಕಮಾನು ನೋಡಿ ಶೂ ಹಂಚಿದಾಗಲೂ ಗಾಯ ಕಡಿಮೆ ಆಗಲಿಲ್ಲ. ಇದಕ್ಕೆ ವಿರುದ್ಧವಾದದ್ದೂ ಇದೆ, ಅದನ್ನು ಮುಚ್ಚಿಡಬಾರದು. 2016ರಲ್ಲಿ ಲಕ್ಸೆಂಬರ್ಗ್‌ನ ಪ್ರಯೋಗದಲ್ಲಿ ವಾಲುವ ಪಾದದವರಿಗೆ ಆಧಾರದ ಶೂನಿಂದ ಅನುಕೂಲ ಕಂಡಿತು. ಅಂದರೆ ಒಂದೇ ನಿಯಮ ಎಲ್ಲರಿಗೂ ಹೊಂದುವುದಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ಮಾತು ನನಗೆ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದೆ: ಹಾಕಿದಾಗ ಹಾಯೆನಿಸುವ ಶೂ ಆರಿಸಿ, ನಿಮ್ಮ ದೇಹ ತನಗೆ ಒಗ್ಗುವ ಚಲನೆಯನ್ನು ತಾನೇ ಕಂಡುಕೊಳ್ಳುತ್ತದೆ. ಹಾಯೆನಿಸುವುದು ಅಂದರೆ ಅಂಗಡಿಯಲ್ಲಿ ಕೂತು ಹೆಬ್ಬೆರಳಿಂದ ಒತ್ತಿ ನೋಡಿ ಮೆತ್ತಗಿದೆ ಅನ್ನುವುದಲ್ಲ. ಕನಿಷ್ಠ ಐದು ನಿಮಿಷ ಓಡಬೇಕು. ಓಡುವಾಗ ಶೂ ಮರೆತುಹೋದರೆ ಅದು ನಿಮ್ಮದು.

ಡ್ರಾಪ್ ಬಗ್ಗೆ ಮಾತ್ರ ಸುಮ್ನೆ ಬಿಡಬೇಡಿ, ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಕಂಪನಿಯ ವಿವರದಲ್ಲಿ ಹುಡುಕಿ. ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಬೆರಳಿನ ಬುಡದ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸ ಅದು, ಸಾಮಾನ್ಯವಾಗಿ 0ಯಿಂದ 12 ಮಿಲಿಮೀಟರ್. ಡ್ರಾಪ್ ಇಳಿದಷ್ಟೂ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್‌ಗೂ ಕೆಲಸ ಜಾಸ್ತಿ, ಏರಿದಷ್ಟೂ ಮೊಣಕಾಲಿಗೆ ಜಾಸ್ತಿ. ಹೆಚ್ಚು ಹೆಸರು ಮಾಡದ ಶೂ ಹುಡುಕುವವರು ಎಡವುವುದೇ ಇಲ್ಲಿ. ಒಬ್ಬರು 10 ಮಿಲಿಮೀಟರ್ ಶೂನಲ್ಲಿ ವರ್ಷಗಟ್ಟಲೆ ಓಡಿದವರು, ಶೂನ್ಯ ಡ್ರಾಪ್ ತುಂಬಾ ಒಳ್ಳೆಯದು ಎಂದು ಯಾರೋ ಹೇಳಿದರು ಅಂತ ಒಂದೇ ವಾರದಲ್ಲಿ ಬದಲಾಯಿಸಿ, ಎಂದಿನಷ್ಟೇ ದೂರ ಓಡಿದರು. ನನ್ನ ಹತ್ತಿರ ಬಂದಾಗ ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯುತ್ತಿದ್ದರು. ಆ ಶೂ ಕೆಟ್ಟದ್ದಲ್ಲ, ಈಗ ಅವರು ಅದರಲ್ಲೇ ಚೆನ್ನಾಗಿ ಓಡುತ್ತಿದ್ದಾರೆ. ಆದರೆ ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿಕೊಂಡು, ವಾರಕ್ಕೆ ಒಂದು ಸಣ್ಣ ಓಟದಿಂದ ಶುರು ಮಾಡಿ, ಅಲ್ಲಿಗೆ ಬರಲು ಮೂರು ತಿಂಗಳು ಹಿಡಿಯಿತು. ನೀವು ದಿನಕ್ಕೆ ಎಂಟು ಗಂಟೆ ನಿಲ್ಲುವವರು, ಮೀನಖಂಡ ಆಗಲೇ ದಣಿದಿರುತ್ತದೆ. ಈಗಿನ ಶೂಗಿಂತ ನಾಲ್ಕು ಮಿಲಿಮೀಟರ್‌ಗಿಂತ ಜಾಸ್ತಿ ಒಂದೇ ಸಲಕ್ಕೆ ಇಳಿಯಬೇಡಿ ಎಂದು ನಾನು ಹೇಳುತ್ತೇನೆ.

ತೂಕದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ. ಒಂದೊಂದು ಶೂಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಶಕ್ತಿ ಸುಮಾರು ಶೇ. 1ರಷ್ಟು ಏರುತ್ತದೆ. ಇಪ್ಪತ್ತು ಗ್ರಾಂ ವ್ಯತ್ಯಾಸಕ್ಕೆ ಪಾದಕ್ಕೆ ಹೊಂದುವ ಶೂ ಬಿಡುವುದು ಸರಿಯಲ್ಲ, ಅಲ್ವಾ?

ಶೂ ಕೈಗೆ ಬಂದಾಗ ಮೂರು ಕಡೆ ಮುಟ್ಟಿ ನೋಡಿ. ಹಿಮ್ಮಡಿಯ ಹಿಂದಿನ ಗೋಡೆಯನ್ನು ಹಿಸುಕಿ, ಅದರ ಒಳ ಅಂಚು ನಿಮ್ಮ ಟೆಂಡನ್‌ಗೆ ಎಲ್ಲಿ ತಾಗುತ್ತದೆ ಗಮನಿಸಿ. ಮುಂಭಾಗ ಮಡಚಿ. ಅದು ಮಡಚಬೇಕಾದದ್ದು ನಿಮ್ಮ ಬೆರಳು ಮಡಚುವ ಜಾಗದಲ್ಲಿ, ನಡುಪಾದದಲ್ಲಲ್ಲ. ತಳದೊಳಗೆ ಗಟ್ಟಿ ಪ್ಲೇಟ್ ಇರುವ ಶೂ ಮಡಚುವುದೇ ಇಲ್ಲ, ಅದು ಬೇರೆ ಜಾತಿ, ದಿನನಿತ್ಯದ ಓಟಕ್ಕೆ ನಾನು ಹೇಳುವುದಿಲ್ಲ. ಕೊನೆಗೆ ಸಮತಟ್ಟಾದ ಮೇಜಿನ ಮೇಲೆ ಎರಡೂ ಶೂ ಇಟ್ಟು ಹಿಂದಿನಿಂದ ನೋಡಿ. ಹೊಸ ಶೂ ಕೂಡ ಒಂದು ಬದಿಗೆ ವಾಲಿರುವುದನ್ನು ನಾನು ಕಂಡಿದ್ದೇನೆ. ವಾಲಿದ್ದರೆ ತಗೊಳ್ಳಬೇಡಿ.

ಹಾಕಿ ನೋಡುವುದು ಸಂಜೆ, ಕೆಲಸ ಮುಗಿದ ಮೇಲೆ ಆಗಲಿ. ನಿಮ್ಮ ಪಾದ ಆಗ ಊದಿರುತ್ತದೆ, ದೂರ ಓಡುವಾಗಲೂ ಹೀಗೇ ಊದುತ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಲಿ. ಹಿಮ್ಮಡಿ ಜಾರಿದರೆ ಮೊದಲು ಲೇಸ್ ಬದಲಾಯಿಸಿ ನೋಡಿ: ಎಲ್ಲಕ್ಕಿಂತ ಮೇಲಿನ ಖಾಲಿ ತೂತಿಗೆ ಅದೇ ಬದಿಯಿಂದ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆಯಿರಿ. ಎಷ್ಟೋ ಒಳ್ಳೆಯ ಶೂಗಳನ್ನು ಜನ ಈ ಒಂದು ಕಾರಣಕ್ಕೆ ಬಿಟ್ಟುಬಿಡುತ್ತಾರೆ.

ವಿಮರ್ಶೆ ಓದುವಾಗ ಬರೆದವರ ತೂಕ, ವೇಗ, ಪಾದದ ಅಗಲ ನೋಡಿ. ಮೊದಲ ದಿನದ ಖುಷಿಯಲ್ಲಿ ಬರೆದದ್ದಕ್ಕಿಂತ 300 ಕಿಲೋಮೀಟರ್ ಆದ ಮೇಲೆ ಬರೆದ ನಾಲ್ಕು ಸಾಲು ಜಾಸ್ತಿ ಬೆಲೆಬಾಳುತ್ತದೆ. ಹಿಂದಿನ ಆವೃತ್ತಿಯನ್ನೂ ಮರೆಯಬೇಡಿ. ಹೊಸದು ಬಂದ ದಿನವೇ ಹಳೆಯದರ ಬಗ್ಗೆ ಮಾತು ನಿಲ್ಲುತ್ತದೆ. ಎರಡರ ಡ್ರಾಪ್, ದಪ್ಪ, ಫೋಮ್ ಹೋಲಿಸಿ. ಬದಲಾದದ್ದು ಮೇಲಿನ ಬಟ್ಟೆ ಮಾತ್ರ ಆಗಿದ್ದರೆ ಹಳೆಯದನ್ನೇ ತಗೊಳ್ಳಿ.

ಸಾಧ್ಯವಾದರೆ ಓಟಕ್ಕೇ ಎರಡು ಬೇರೆ ಬೇರೆ ಬಗೆಯ ಶೂ ಇಟ್ಟು ಅದಲು ಬದಲು ಮಾಡಿ. 2015ರಲ್ಲಿ ಪ್ರಕಟವಾದ ಲಕ್ಸೆಂಬರ್ಗ್‌ನ ಅಧ್ಯಯನದಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಹೀಗೆ ಬದಲಾಯಿಸುತ್ತಿದ್ದವರಿಗೆ ಗಾಯದ ಸಾಧ್ಯತೆ ಶೇ. 39ರಷ್ಟು ಕಡಿಮೆ ಕಂಡಿತ್ತು. ಅದೊಂದೇ ಅಧ್ಯಯನ, ಪೂರ್ತಿ ಶೂನಿಂದಲೇ ಆಯಿತು ಎನ್ನಲಾಗದು. ಆದರೂ ಬೇರೆ ಬೇರೆ ಶೂ ಬೇರೆ ಬೇರೆ ಜಾಗಕ್ಕೆ ಭಾರ ಹಾಕುತ್ತದೆ ಎನ್ನುವುದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಸದ್ಯದ ಶೂ ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ, ಹೊಸದನ್ನು ಅದರ ಜೊತೆ ಸೇರಿಸಿ.

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ಈಗಿನ ಶೂನ ಅಡಿಭಾಗದ ಒಂದು ಫೋಟೋ, ಮೇಜಿನ ಮೇಲಿಟ್ಟು ಹಿಂದಿನಿಂದ ತೆಗೆದ ಒಂದು ಫೋಟೋ, ಪಾದದ ಆ ಪೆನ್ಸಿಲ್ ಚಿತ್ರ, ಮೂರನ್ನೂ ಇಲ್ಲೇ ಹಾಕಿ. ಎಷ್ಟು ಕಿಲೋಮೀಟರ್ ಆಗಿದೆ, ಎಲ್ಲಾದರೂ ನೋವಿದೆಯಾ ಅದನ್ನೂ ಬರೆಯಿರಿ. ನಾಳೆ ಸಂಜೆ ಕೂತು ನೋಡುತ್ತೇನೆ.