ಕಾಗದ, ಬಾಟಲಿ ಮುಚ್ಚಳ, ಕುಂಕುಮ: ಕೈಕೊಟ್ಟಾಗ ಏನು ಮಾಡಬೇಕು?

ಕಲ್ಲು, ಮರ, ಕಂಚು ಬಿಟ್ಟು ಬೇರೆ ವಸ್ತುಗಳಲ್ಲಿ ಶಿಲ್ಪ ಮತ್ತು ಮನೆಬಳಕೆಯ ಕಲಾವಸ್ತು ಮಾಡುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಹಳೇ ಪೇಪರ್ ನೆನೆಸಿ ರುಬ್ಬಿ, ಮೆಂತ್ಯ ಕಲಸಿ, ಸ್ಟೀಲ್ ಪಾತ್ರೆಯ ಮೇಲೆ ಒಂದಿಂಚು ದಪ್ಪ ಮೆತ್ತಿ ಲ್ಯಾಂಪ್‌ಶೇಡ್ ಮಾಡಿದೆ. ಮೊದಲು ಬಿರುಕು ಬಿಟ್ಟಿತು, ಆಮೇಲೆ ಒಳಗೆಲ್ಲ ಬೂಷ್ಟು. ವಾರ್ನಿಷ್ ಹೊಡೆದರೂ ಮುಗ್ಗಲು ವಾಸನೆ ಹೋಗಲಿಲ್ಲ. ತಪ್ಪೆಲ್ಲಿ?
— ಶಿರಸಿಯ ಓದುಗರು

ಮೊರ, ಬುಟ್ಟಿಗೆ ಕಾಗದ ಮೆತ್ತುತ್ತಿದ್ದ ಅಜ್ಜಿಯರ ವಿಧಾನವೇ ಇದು. ಆದರೆ ಅಲ್ಲಿ ಬಿದಿರಿನ ಆಸರೆ ಇತ್ತು, ಪದರ ತೆಳುವಾಗಿತ್ತು. ಒಂದಿಂಚು ಮೆತ್ತಿದರೆ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ. ಒಳಗಿನದು ಇನ್ನೂ ಹಸಿಯಾಗಿದ್ದು ಕುಗ್ಗದೆ ತಡೆಯುತ್ತದೆ, ಹೊರಮೈ ಬಿರಿಯುತ್ತದೆ. ವಾರ್ನಿಷ್ ಹೊಡೆದು ನೀವು ಉಳಿದ ನೀರನ್ನು ಒಳಗೇ ಕೂಡಿಹಾಕಿದಿರಿ. ಬೂಷ್ಟಿಗೆ ಅಷ್ಟು ಸಾಕು.

ಒಣ ಕಾಗದ ಕಾಲು ಕೆಜಿ, ಮೆಂತ್ಯ 50 ಗ್ರಾಂ, ಚಾಕ್ ಪುಡಿ 100 ಗ್ರಾಂ ತೆಗೆದುಕೊಳ್ಳಿ. ನುಣುಪು ಹೊಳಪಿನ ಮ್ಯಾಗಝೀನ್ ಹಾಳೆ ಬೇಡ, ಅದು ಹಿಟ್ಟಾಗುವುದಿಲ್ಲ. ಪೇಪರನ್ನು ಅಂಚೆಚೀಟಿಯಷ್ಟು ಚೂರು ಮಾಡಿ ಎರಡು ದಿನ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಮೆಂತ್ಯವನ್ನು ರಾತ್ರಿ ನೆನೆಸಿ ಬೇರೆಯಾಗಿ ಲೋಳೆ ಬರುವಂತೆ ಅರೆಯಿರಿ. ಅಂಟು ಆ ಲೋಳೆಯದೇ. ಮೆಂತ್ಯದ ಕಹಿಗೆ ಹುಳ ಬರುವುದಿಲ್ಲ ಎನ್ನುತ್ತಾರೆ, ಅದನ್ನೇ ನಂಬಿ ಕೂರಬೇಡಿ. ಅಡಿಕೆಗೆ ಔಷಧಿ ಹೊಡೆಯಲು ನಿಮ್ಮೂರಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಅರ್ಧ ಟೀ ಚಮಚವನ್ನು ಪ್ಲಾಸ್ಟಿಕ್ ಮಗ್ಗಿನಲ್ಲಿ ಬಿಸಿನೀರಿಗೆ ಕರಗಿಸಿ ಮುದ್ದೆಗೆ ಕಲಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬೇಡ; ತಾಮ್ರವೆಲ್ಲ ಪಾತ್ರೆಗೇ ಹಿಡಿಯುತ್ತದೆ. ಇದು ವಿಷ. ಕೈಗವಸು ಹಾಕಿ, ಅಡುಗೆಮನೆಯ ಮಿಕ್ಸಿಗೆ ಹಾಕಬೇಡಿ, ಹಣ್ಣು-ತಿಂಡಿ ಇಡುವ ಬುಟ್ಟಿಗೂ ಇದು ಸಲ್ಲದು.

ಮುದ್ದೆ ಚಪಾತಿ ಹಿಟ್ಟಿನ ಹದಕ್ಕಿರಲಿ. ಪಾತ್ರೆಗೆ ಪ್ಲಾಸ್ಟಿಕ್ ಹಾಳೆಯ ಬದಲು ಹಳೇ ಹತ್ತಿ ಬಟ್ಟೆ ಸುತ್ತಿ, ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಮೆತ್ತಬೇಡಿ. ಮುಕ್ಕಾಲು ಒಣಗಿದ ಮೇಲೆ ಪಾತ್ರೆಯಿಂದ ಬಿಡಿಸಿ ಬೋರಲು ಹಾಕಿ, ಒಳಮೈಗೆ ಗಾಳಿ ಆಡಲಿ. ಒಣಗಿತೋ ಇಲ್ಲವೋ ಎಂದು ತಿಳಿಯಲು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ನೀರು ಆವಿಯಾಗುತ್ತಿದೆ ಎಂದರ್ಥ. ಖಾತ್ರಿ ಬೇಕಾದರೆ ದಿನಾ ತೂಗಿ, ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ. ಆಮೇಲೆ ಎರಡನೇ ಪದರ. ವಾರ್ನಿಷ್ ಎಲ್ಲಕ್ಕಿಂತ ಕೊನೆಗೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಕಾದರೆ ಒಲೆ ಮೇಲಿನ ಅಟ್ಟವೇ ಗತಿ. ಬಲ್ಬು ಎಲ್‌ಇಡಿ ಮಾತ್ರ, ಅದೂ ಕಾಗದದಿಂದ ನಾಲ್ಕು ಬೆರಳು ದೂರದಲ್ಲಿ.

ಶಿಲ್ಪಿ ಎಲ್ ಅನಾಟ್ಸುಯಿ ಅವರ ಕೃತಿ ನೋಡಿ, ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಲ್ಲಿ ಹೆಣೆದು ಜಗುಲಿಗೆ ಪರದೆ ಮಾಡಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೂತಿನ ಸುತ್ತ ಬಿಳಿ ಪುಡಿ, ಮುಚ್ಚಳಗಳು ಕಳಚಿ ಬೀಳುತ್ತಿವೆ. ಅವರದು ಹೇಗೆ ಉಳಿಯಿತು?
— ಮಲ್ಪೆಯ ಓದುಗರು

ಘಾನಾದಲ್ಲಿ ಹುಟ್ಟಿ ನೈಜೀರಿಯಾದ ಎನ್‌ಸುಕ್ಕಾದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಅನಾಟ್ಸುಯಿ ಹೆಣೆಯುವುದೂ ಅಲ್ಯೂಮಿನಿಯಂ ಮುಚ್ಚಳ, ತಾಮ್ರದ ತಂತಿಯನ್ನೇ. ಆದರೆ ಅವು ಹೆಚ್ಚಾಗಿ ತೂಗುವುದು ಕಟ್ಟಡದ ಒಳಗೆ. 2023ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ ತೂಗಿದ್ದೂ ಸೂರಿನಡಿಯೇ. ನಿಮ್ಮದು ಕಡಲ ಗಾಳಿಗೆ ಮೈಯೊಡ್ಡಿದೆ. ತಾಮ್ರ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಮಧ್ಯೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ, ಹಾಗಾಗಿ ತಂತಿ ಗಟ್ಟಿಯಾಗಿಯೇ ಇದ್ದು ತೂತು ಅಗಲವಾಗುತ್ತದೆ.

ತಂತಿಯನ್ನೂ ಅಲ್ಯೂಮಿನಿಯಂದೇ ತನ್ನಿ, 1 ಮಿ.ಮೀ. ಸಾಕು. ಮೋಟಾರ್ ವೈಂಡಿಂಗ್ ಅಂಗಡಿಯ ಎನಾಮಲ್ ಲೇಪದ ತಾಮ್ರದ ತಂತಿ ಹೊಳಪಾಗಿ ಕಾಣುತ್ತದೆ ನಿಜ, ಆದರೆ ತಿರುಚುವಾಗ ತೂತಿನ ಅಂಚಿಗೆ ಉಜ್ಜಿ ಎನಾಮಲ್ ಕಿತ್ತುಹೋಗುತ್ತದೆ, ಮತ್ತೆ ಅದೇ ಕಥೆ. ಮೀನು ಹಿಡಿಯುವ ನೈಲಾನ್ ದಾರ ಬಿಸಿಲಿಗೆ ಪೆಡಸಾಗಿ ತುಂಡಾಗುತ್ತದೆ. ಕೆಲಸ ಶುರು ಮಾಡುವ ಮೊದಲು ಮುಚ್ಚಳಗಳ ರಾಶಿಯ ಮೇಲೆ ಅಯಸ್ಕಾಂತ ಆಡಿಸಿ. ಅಂಟಿ ಬಂದವು ಸೋಡಾ ಬಾಟಲಿಯ ತಗಡಿನ ಮುಚ್ಚಳಗಳು, ಅವು ತುಕ್ಕು ಹಿಡಿಯುತ್ತವೆ, ಬೇರೆ ಇಡಿ. ಮುಚ್ಚಳವನ್ನು ಮರದ ಹಲಗೆಯ ಮೇಲಿಟ್ಟು ಮೊಳೆಯಿಂದ ತೂತು ಮಾಡಿ, ಅಂಚಿನಿಂದ 3 ಮಿ.ಮೀ. ಒಳಗೆ. ಅಂಚಿಗೆ ತೀರಾ ಹತ್ತಿರ ಹೊಡೆದರೆ ಪರದೆಯ ಭಾರಕ್ಕೇ ಹರಿಯುತ್ತದೆ.

ಭದ್ರಾವತಿ ಮೂಲದ ಕಲಾವಿದೆ ಶೀಲಾ ಗೌಡ ಅವರು ದಾರ, ಸೂಜಿ, ಕುಂಕುಮದಲ್ಲಿ ಮಾಡಿದ ಕೃತಿಯಿಂದ ಪ್ರೇರಣೆ ಪಡೆದು ದಾರಕ್ಕೆ ಅಂಟು ಬೆರೆಸಿದ ಕುಂಕುಮ ಹಚ್ಚಿದೆ. ಕೆಲವು ಕಡೆ ಅಂದೇ ಕಂದು ಹಳದಿಯಾಯಿತು, ಕಿಟಕಿ ಪಕ್ಕದ್ದು ಬಿಳಚಿಕೊಂಡಿತು.
— ಮೈಸೂರಿನ ಕಲಾ ವಿದ್ಯಾರ್ಥಿನಿ

ನೀವು ಹೇಳುತ್ತಿರುವುದು 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಉದ್ದುದ್ದ ದಾರಗಳು ಒಂದಾಗಿ ಕೆಂಪು ಹಗ್ಗವಾಗಿ, ತುದಿಯಲ್ಲಿ ಸೂಜಿಗಳ ಗೊಂಚಲು ನೇತಾಡುವ ಕೃತಿ.

ನಿಮ್ಮ ಕುಂಕುಮದ ಚಿಟಿಕೆಗೆ ನಿಂಬೆರಸದ ಒಂದು ಹನಿ ಬಿಡಿ. ಹಳದಿಗೆ ತಿರುಗಿದರೆ ಅದು ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು. ಅರಿಶಿನ ಕೆಂಪಾಗಿರುವುದು ಕ್ಷಾರ ಇರುವಷ್ಟು ಹೊತ್ತು ಮಾತ್ರ, ಹುಳಿ ತಾಗಿದರೆ ಬಣ್ಣ ಬಿಟ್ಟುಕೊಡುತ್ತದೆ. ಮರಗೆಲಸದ ಬಿಳಿ ಅಂಟು ಸಾಮಾನ್ಯವಾಗಿ ತುಸು ಹುಳಿಯೇ. ಅಂಟು ಹೆಚ್ಚು ಬಿದ್ದ ಕಡೆ ನಿಮ್ಮ ದಾರ ಕಂದಾಗಿದ್ದು ಅದಕ್ಕೇ ಇರಬೇಕು. ಅದರ ಬದಲು ಮಿಥೈಲ್ ಸೆಲ್ಯುಲೋಸ್ ಎಂಬ ಪುಡಿಯ ಗಂಜಿ ಬಳಸಿ: 100 ಮಿ.ಲೀ. ನೀರಿಗೆ 3 ಗ್ರಾಂ. ಬಿಸಿನೀರಲ್ಲಿ ಕದಡಿ, ತಣಿಯಲು ಬಿಟ್ಟರೆ ಲೋಳೆಯಾಗುತ್ತದೆ. ಬೆಳಕಿಗೆ ಬಿಳಚುವುದನ್ನು ಮಾತ್ರ ಯಾವ ಅಂಟೂ ತಡೆಯದು, ಅರಿಶಿನದ ಸ್ವಭಾವವೇ ಹಾಗೆ. ಬಿಸಿಲು ಬೀಳದ ಗೋಡೆ ಹುಡುಕಿ. ಮಾಸದ ಕೆಂಪೇ ಬೇಕೆಂದರೆ ಕೆಮ್ಮಣ್ಣು ಇದೆ, ಆದರೆ ಕೆಮ್ಮಣ್ಣು ಹಚ್ಚಿದ ದಾರ ಹೇಳುವ ಮಾತೇ ಬೇರೆ. ಆ ಆಯ್ಕೆ ನಿಮ್ಮದು.

ಎಪಾಕ್ಸಿಯಲ್ಲಿ (ಹಾರ್ಡನರ್ ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಕಾಫಿ ಬೀಜ ಹುದುಗಿಸಿ ಟೀಪಾಯಿಯ ಹಲಗೆ ಎರೆದೆ. ಬೀಜಗಳ ಸುತ್ತ ಗುಳ್ಳೆ, ಒಂದು ಮೂಲೆ ವಾರವಾದರೂ ಅಂಟಂಟು.
— ಚಿಕ್ಕಮಗಳೂರಿನ ಓದುಗರು

ಬೀಜದೊಳಗಿನ ಗಾಳಿ ಹೊರಬಂದಿದೆ. ಮೊದಲು ಬೀಜಗಳಿಗೆ ಕುಂಚದಲ್ಲಿ ತೆಳುವಾಗಿ ಎಪಾಕ್ಸಿ ಬಳಿದು ಒಂದು ದಿನ ಬಿಡಿ, ಆಮೇಲೆ ಎರೆಯಿರಿ. ಅಂಟಂಟಿಗೆ ಕಾರಣ ಅಳತೆ ತಪ್ಪಿದ್ದು, ಇಲ್ಲವೇ ಲೋಟದ ಗೋಡೆಗೆ ಮೆತ್ತಿಕೊಂಡಿದ್ದನ್ನು ಕಲಸದೆ ಕೆರೆದು ಸುರಿದದ್ದು. ಬಾಟಲಿ ಮೇಲೆ 2:1 ಎಂದಿದ್ದರೆ ಅದು ತೂಕವೋ ಗಾತ್ರವೋ ನೋಡಿ, ಎರಡೂ ಒಂದೇ ಅಲ್ಲ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಮಿಕ್ಕಿದ್ದು ಹಸಿಯಾಗಿಯೇ ಉಳಿಯುತ್ತದೆ. ಆ ಮೂಲೆಯನ್ನು ಕೆರೆದು ತೆಗೆದು ಹೊಸದಾಗಿ ಎರೆಯುವುದೇ ದಾರಿ.

ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ಗಾಜಿನ ತೊಟ್ಟಿಯಲ್ಲಿಟ್ಟ ಶಾರ್ಕ್ ಕೊಳೆತಿತ್ತಂತೆ, ಹೌದೇ? ಫಾರ್ಮಲಿನ್‌ನಲ್ಲಿದ್ದೂ ಏಕೆ?
— ಮಂಗಳೂರಿನ ಓದುಗರು

ಹೌದು. 1991ರ ಮೊದಲ ಶಾರ್ಕ್‌ನ ಒಡಲೊಳಕ್ಕೆ ಫಾರ್ಮಲಿನ್ ಸರಿಯಾಗಿ ಇಳಿದಿರಲಿಲ್ಲ. ಹೊರಗೆ ದ್ರಾವಣ, ಒಳಗೆ ಕೊಳೆತ. ತೊಟ್ಟಿಯ ನೀರು ಕದಡಿತು. ನಡುವೆ ಚರ್ಮ ಸುಲಿದು ಫೈಬರ್‌ಗ್ಲಾಸ್ ಅಚ್ಚಿಗೆ ತೊಡಿಸಿಯೂ ನೋಡಿದರು. 2006ರಲ್ಲಿ ಬೇರೆ ಶಾರ್ಕ್ ತಂದು ಈ ಸಲ ಮೈಯೊಳಗೆ ಚುಚ್ಚಿ ಫಾರ್ಮಲಿನ್ ತುಂಬಿದರು. ಮನೆಯಲ್ಲಿ ಬಂಗುಡೆ ಇಟ್ಟು ಪ್ರಯೋಗ ಮಾಡುವ ಆಲೋಚನೆ ಇದ್ದರೆ ಬಿಡಿ. ಫಾರ್ಮಲಿನ್ ಆವಿ ಕಣ್ಣು, ಮೂಗು ಉರಿಸುವುದಷ್ಟೇ ಅಲ್ಲ, ಕ್ಯಾನ್ಸರ್ ತರುವ ಪದಾರ್ಥ.